ಲಾಭದ ಬಾಂಡ್ಲಿ

ಮೂರಾ, ನಾಲ್ಕಾ? ಇದೊಂದು ಪ್ರಶ್ನೆ ನನ್ನ ಆಯುಷ್ಯದ ಎಂಟು ತಿಂಗಳನ್ನು ತಿಂದುಹಾಕಿತು. ಆ ಶನಿವಾರ ನಾವು ಹಾಕಿದ್ದು ಮೂರು ಬಾಂಡ್ಲಿ ಸಿಮೆಂಟೋ, ನಾಲ್ಕು ಬಾಂಡ್ಲಿಯೋ? ಸಿವಿಲ್ ಇಂಜಿನಿಯರಿಂಗ್ ಪಾಠ ಹೇಳುವ ಹೆಂಗಸಿಗೆ ನಾಲ್ಕರ ತನಕ ಎಣಿಸಲು ಬರುವುದಿಲ್ಲವೇ ಎಂದು ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಮ್ಮ ಮನೆಯವರು ಆಗಲೇ ನಕ್ಕಾಗಿದೆ, ಅದೂ ಎರಡು ಸಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಪ್ರೊಫೆಸರ್. ವಾರವೆಲ್ಲ ಹುಡುಗರಿಗೆ ಕಾಂಕ್ರೀಟು ಕಲಿಸುತ್ತಿದ್ದೆ, ಶನಿವಾರ ಬಂತೆಂದರೆ ನನ್ನ ಪಿಎಚ್.ಡಿ. ಕೆಲಸ. ನಾನು ಬೆಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಕಬ್ಬಿಣ ಕರಗಿಸುವಾಗ ಮೇಲೆ ತೇಲಿ ಬರುವ ಕಿಟ್ಟಕ್ಕೆ ಅಲ್ಲಿ ಎಲ್ಲರೂ ಸ್ಲ್ಯಾಗ್ ಎನ್ನುತ್ತಿದ್ದರು. ಎಡಗಡೆಯ ತಮಿಳು ಮನೆಯವರೂ, ಎದುರಿನ ತೆಲುಗಿನವರೂ, ನಮ್ಮಪ್ಪನೂ ಅದೊಂದು ಮಾತನ್ನು ಒಂದೇ ಥರ ಹೇಳುತ್ತಿದ್ದರು. ತಣ್ಣಗಾದ ಮೇಲೆ ಅದು ಬೂದು ಬಣ್ಣದ, ತೂತುತೂತಾದ ಗಟ್ಟಿ ಕಲ್ಲು. ಅದರ ಗುಡ್ಡೆಗಳ ಪಕ್ಕದಲ್ಲೇ ನಾವು ಕುಂಟೆಬಿಲ್ಲೆ ಆಡಿದ್ದು, ಬಿಲ್ಲೆಯೂ ಅದರದೇ.

ದೊಡ್ಡವಳಾಗಿ ಓದಿ ಬಂದ ಮೇಲೆ ನನಗೆ ಒಂದು ಹುಚ್ಚು ಹಿಡಿಯಿತು. ಗುಡ್ಡ ಒಡೆದು ಜಲ್ಲಿ ಮಾಡುವ ಬದಲು ಈ ಕಿಟ್ಟವನ್ನೇ ಯಾಕೆ ಬಳಸಬಾರದು? ಅದರ ಜೊತೆಗೆ ರಸ್ತೆ ಅಗೆದಾಗ, ಕಟ್ಟಡ ಕೆಡವಿದಾಗ ಸಿಗುವ ಹಳೆಯ ಕಾಂಕ್ರೀಟನ್ನು ಪುಡಿಮಾಡಿ ಯಾಕೆ ಸೇರಿಸಬಾರದು? ಅಂಗಳಕ್ಕೆ, ರಸ್ತೆಬದಿಗೆ ಹಾಸುವ ಸಿಮೆಂಟ್ ಕಲ್ಲುಗಳು ಆಗಷ್ಟೇ ನಮ್ಮೂರಿಗೆ ಬರುತ್ತಿದ್ದವು. ಅಂಥ ಕಲ್ಲನ್ನು ಈ ಕಸದಿಂದ ಮಾಡಿ, ಅಷ್ಟೇ ಸಿಮೆಂಟಿನಲ್ಲಿ ಅದು ಜಲ್ಲಿಯ ಕಲ್ಲಿನಷ್ಟೇ ಗಟ್ಟಿ ಎಂದು ತೋರಿಸುವುದು ನನ್ನ ಸಂಶೋಧನೆ. 'ಅಷ್ಟೇ ಸಿಮೆಂಟಿನಲ್ಲಿ' ಎಂಬುದನ್ನು ದಯವಿಟ್ಟು ನೆನಪಿಡಿ. ಸಿಮೆಂಟು ಜಾಸ್ತಿ ಸುರಿದರೆ ಯಾವ ಕಸವೂ ಗಟ್ಟಿಯಾಗುತ್ತದೆ, ಅದಕ್ಕೆ ಪಿಎಚ್.ಡಿ. ಬೇಡ.

ಕಾಲೇಜಿನಲ್ಲಿ ನನಗೆ ಕಿಟ್ಟದ ಮೇಡಂ ಎಂದು ಹೆಸರು ಬಿದ್ದಿತ್ತು. ನಮ್ಮಮ್ಮನಂತೂ, ಊರವರು ಎಸೆದದ್ದನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವುದಕ್ಕೆ ಇಷ್ಟು ವರ್ಷ ಓದಿಸಬೇಕಿತ್ತೇ ಎಂದು ಕೇಳುತ್ತಿದ್ದಳು. ನಾನು ರೇಗುತ್ತಿದ್ದೆ. ರೇಗುವುದು ನನ್ನ ಹಳೆಯ ಕಾಯಿಲೆ. ಆದರೆ ಒಳಗೊಳಗೇ ಹೆದರಿಕೆಯೂ ಇತ್ತು. ನೋಂದಣಿಯ ಅವಧಿ ಮುಗಿದು, ಎರಡು ಸಲ ಮುಂದಕ್ಕೆ ಹಾಕಿಸಿಕೊಂಡು, ಇನ್ನು ಮುಂದಕ್ಕೆ ಹಾಕಲಾಗದು ಎಂದು ವಿಶ್ವವಿದ್ಯಾಲಯದ ಪತ್ರ ಬಂದಿತ್ತು. ಆ ವರ್ಷದೊಳಗೆ ಪ್ರಬಂಧ ಒಪ್ಪಿಸದಿದ್ದರೆ ಅಷ್ಟೂ ವರ್ಷಗಳ ಶನಿವಾರಗಳು ನೀರಿನಲ್ಲಿ ಹೋದ ಹಾಗೆ.

ಲ್ಯಾಬಿನಲ್ಲಿ ನನ್ನ ಜೊತೆಗಿದ್ದವರು ಒಬ್ಬರೇ, ಅಟೆಂಡರು. ಐವತ್ತು ದಾಟಿದ ಸಣಕಲು ಮನುಷ್ಯ. ನಾನು ಅವರನ್ನು ಯಜಮಾನ್ರೆ ಎಂದು ಕರೆಯುತ್ತಿದ್ದೆ. ಭದ್ರಾವತಿಯ ಓಲ್ಡ್‌ಟೌನಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕಾಲೇಜಿಗೆ ಸೇರುವ ಮೊದಲು ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಅಳೆಯುವ ಕೆಲಸದಲ್ಲಿದ್ದವರು. ಏನು ಅಳೆದರೂ, ಮರಳಾಗಲಿ ನೀರಾಗಲಿ, ರಾಗವಾಗಿ ಗಟ್ಟಿ ದನಿಯಲ್ಲಿ ಎಣಿಸುವುದು ಅವರಿಗೆ ಅಭ್ಯಾಸವಾಗಿ ಹೋಗಿತ್ತು. ಪಕ್ಕದ ಕೋಣೆಯಲ್ಲಿ ಪಾಠ ಮಾಡುವವರು ಬಂದು ದೂರು ಹೇಳಿದ್ದುಂಟು. ನನಗೆ ಆ ದನಿ ಇಷ್ಟವಾಗಿತ್ತು.

ಆ ಶನಿವಾರ ಕಿಟ್ಟ, ಹಳೆಯ ಕಾಂಕ್ರೀಟಿನ ಪುಡಿ, ಮರಳು ಎಲ್ಲವನ್ನೂ ತೂಕ ಮಾಡಿ ನೆಲದ ಮೇಲೆ ಹರಡಿದ್ದೆವು. ಇನ್ನು ಸಿಮೆಂಟು ಮಾತ್ರ ಬಾಕಿ ಎನ್ನುವಾಗ ತೂಕದ ಯಂತ್ರ ಮುಷ್ಕರ ಹೂಡಿತು. ಅದರ ಮುಳ್ಳು ಒಂದು ಕಡೆ ಕಚ್ಚಿಕೊಂಡು ಏನು ಮಾಡಿದರೂ ಅಲ್ಲಾಡದು. ಯಜಮಾನರು ಅದಕ್ಕೆ ಎರಡು ಏಟು ಕೊಟ್ಟು ನೋಡಿದರು, ನಾನೂ ಒಂದು ಕೊಟ್ಟೆ. ಕಲಸಲು ಬಂದ ಕೂಲಿಯವರು ಕಾಯುತ್ತಿದ್ದರು. ಬಾಂಡ್ಲಿ ತುಂಬಿಸಿ, ಮೇಲಿನ ಗೋಪುರ ಹಲಗೆಯಿಂದ ಸವರಿದರೆ ಎಷ್ಟು ಸಿಮೆಂಟು ಹಿಡಿಯುತ್ತದೆ ಎಂದು ನಾನು ಹಿಂದೆ ಯಾವತ್ತೋ ತೂಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ. ಲೆಕ್ಕ ಹಾಕಿದರೆ ಸರಿಯಾಗಿ ಮೂರು ಬಾಂಡ್ಲಿ ಬೇಕಿತ್ತು. ಮೂರು ಹಾಕಿ ಯಜಮಾನ್ರೆ ಎಂದು ಹೇಳಿದೆ.

ಸಿಮೆಂಟಿನ ಧೂಳು ನನ್ನ ಎದೆಗೆ ಆಗುವುದಿಲ್ಲ. ಹಾಗಾಗಿ ಸೆರಗು ಮೂಗಿಗೆ ಹಿಡಿದು, ಅವರಿಗೆ ಬೆನ್ನು ಮಾಡಿ, ಕಿಟಕಿಯ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ನಿಂತೆ. ಹಿಂದಿನಿಂದ ಅವರ ದನಿ ಬಂತು. ಮೊದಲು "ಲಾಭ" ಎಂದರು. ಆಮೇಲೆ ಒಂದು, ಎರಡು, ಮೂರು. ಪ್ರತಿ ಸಂಖ್ಯೆಗೆ ನಾನು ಒಂದೊಂದು ಗೆರೆ ಎಳೆದೆ. ಲಾಭ ಎಂದದ್ದಕ್ಕೆ ಎಳೆಯಲಿಲ್ಲ. ಕೆಲಸ ಶುರುಮಾಡುವ ಮೊದಲು ಕೆಲವರು ಸ್ವಾಮಿಯ ಹೆಸರು ಹೇಳುತ್ತಾರಲ್ಲ, ಅಂಥದ್ದೇ ಏನೋ ಎಂದುಕೊಂಡೆ. ಅಥವಾ ಏನೂ ಅಂದುಕೊಳ್ಳಲೇ ಇಲ್ಲವೇನೋ. ಈಗ ಇಷ್ಟು ವಿವರವಾಗಿ ಹೇಳುತ್ತಿದ್ದೇನಲ್ಲ, ಆಗ ಇದ್ಯಾವುದೂ ನನ್ನ ಮನಸ್ಸಿನಲ್ಲಿ ನಿಂತಿರಲಿಲ್ಲ. ಉಳಿದದ್ದು ಪುಸ್ತಕದಲ್ಲಿನ ಮೂರು ಗೆರೆ ಮಾತ್ರ.

ಹದ ನೋಡಿ ನೀರು ಹಾಕಿ, ಕಲಸಿ, ಮಾಲು ಮುಗಿಯುವ ತನಕ ಅಚ್ಚಿಗೆ ತುಂಬಿದೆವು. ಕಲ್ಲುಗಳು ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿ ಮಲಗಿದವು. ಆಮೇಲೆ ಎಂಟು ಕಲ್ಲು ಎತ್ತಿ ಒಂದೊಂದಾಗಿ ಒತ್ತುವ ಯಂತ್ರದ ಬಾಯಿಗೆ ಕೊಟ್ಟೆವು. ಮೊದಲನೆಯದು ಒಡೆಯುವ ಹೊತ್ತಾಯಿತು ಎಂದು ನಾನು ಕಿವಿ ಮುಚ್ಚಿಕೊಂಡರೆ ಅದು ಒಡೆಯಲೇ ಇಲ್ಲ. ಮುಳ್ಳು ಏರಿತು, ಏರಿತು, ಜಲ್ಲಿಯ ಕಲ್ಲು ಒಡೆದ ಗೆರೆಯನ್ನೂ ದಾಟಿ ಹೋಯಿತು. ಎಂಟಕ್ಕೆ ಎಂಟೂ ಹಾಗೇ. ನಾನು ಯಜಮಾನರ ಕೈ ಹಿಡಿದು ಕುಲುಕಿದೆ. ಅವರು ನಾಚಿಕೊಂಡು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಉಳಿದ ಕಲ್ಲುಗಳನ್ನು ಮನೆಗೆ ಒಯ್ಯಲೇ, ಬಾಗಿಲಿನಿಂದ ಬಟ್ಟೆ ಒಗೆಯುವ ಕಲ್ಲಿನ ತನಕ ಹಾಸುತ್ತೇನೆ, ಹೆಂಡತಿ ಕೆಸರು ತುಳಿಯುವುದು ತಪ್ಪುತ್ತದೆ ಎಂದು ಕೇಳಿದರು. ಖುಷಿಯಲ್ಲಿದ್ದ ನಾನು ಎಲ್ಲವನ್ನೂ ಒಯ್ಯಿರಿ ಎಂದೆ. ಕಿಟ್ಟ ತಂದು ಸುರಿದು ಖಾಲಿ ಹೊರಟಿದ್ದ ಲಾರಿಯಲ್ಲೇ ಅವು ಭದ್ರಾವತಿಗೆ ಹೋದವು.

ನನ್ನ ಮಾರ್ಗದರ್ಶಕರು ಬೇರೆ ಊರಿನವರು, ಹಿರಿಯ ಪ್ರಾಧ್ಯಾಪಕರು. ಫಲಿತಾಂಶ ನೋಡಿ ಬಹಳ ಸಂತೋಷಪಟ್ಟು, ಆ ಕೋಷ್ಟಕವನ್ನು ಪ್ರಗತಿ ವರದಿಯ ಜೊತೆ ವಿಶ್ವವಿದ್ಯಾಲಯಕ್ಕೂ ಕಳಿಸಿದರು. ನಿಯಮದ ಪ್ರಕಾರ ಇನ್ನೆರಡು ಸಲ ಮಾಡಿ ತೋರಿಸಿಬಿಡಿ, ಪ್ರಬಂಧ ಆಯಿತೆಂದೇ ತಿಳಿಯಿರಿ ಎಂದರು. ಅಷ್ಟರಲ್ಲಿ ತೂಕದ ಯಂತ್ರ ರಿಪೇರಿಯಾಗಿ ಬಂದಿತ್ತು. ಎಲ್ಲವನ್ನೂ ತೂಗಿ ಇನ್ನೊಂದು ಸಲ ಕಲಸಿದೆವು. ಕಲ್ಲುಗಳು ಸಪ್ಪೆ. ಜಲ್ಲಿಯ ಕಲ್ಲಿಗಿಂತ ಎಷ್ಟೋ ಕೆಳಗೇ ಪಟಕ್ಕನೆ ಒಡೆದವು. ಮೂರನೆಯ ಸಲವೂ ಅದೇ ಕಥೆ.

ಅಲ್ಲಿಂದ ನನ್ನ ತಲೆ ಕೆಟ್ಟಿತು. ಅದೇ ಕಿಟ್ಟ, ಅದೇ ಮರಳು, ಅದೇ ಕೈ. ಒಂದು ಸಲ ಆದದ್ದು ಮತ್ತೆ ಯಾಕೆ ಆಗುವುದಿಲ್ಲ? ಸಿಮೆಂಟಿನ ಅಂಗಡಿಯವನ ಮೇಲೆ ಅನುಮಾನ ಬಂತು, ಹೋಗಿ ಜಗಳವಾಡಿ ಬಂದೆ. ಅವನು ಪಾಪ, ನನ್ನ ಎದುರಿಗೇ ಹೊಸ ಚೀಲ ಒಡೆದು ಅಂಗೈಯಲ್ಲಿಟ್ಟು ತೋರಿಸಿದ. ಆಮೇಲೆ ನೀರಿನ ಮೇಲೆ ಅನುಮಾನ. ಮೊದಲ ಸಲ ಬೋರ್‌ವೆಲ್ ನೀರು ಹಾಕಿದ್ದೆವೋ, ನಲ್ಲಿಯದೋ? ಯಜಮಾನರು ಬೋರ್‌ವೆಲ್ಲಿನದೇ ಎಂದರು, ಕೂಲಿಯವರು ನಲ್ಲಿಯದು ಎಂದರು, ನನಗೆ ಎರಡೂ ನೆನಪಾಗುತ್ತಿತ್ತು. ಒತ್ತುವ ಯಂತ್ರ ಸುಳ್ಳು ಹೇಳುತ್ತಿದೆಯೇನೋ ಎಂದು ಅದನ್ನು ಪರೀಕ್ಷಿಸುವವರನ್ನು ಕರೆಸಿದೆ. ಯಂತ್ರ ಚೆನ್ನಾಗಿದೆ ಮೇಡಂ, ನೀವೇ ಸ್ವಲ್ಪ ರೆಸ್ಟ್ ತಗೊಳ್ಳಿ ಎಂದು ಹೇಳಿ ಹೋದರು.

ಕೊನೆಗೆ ಕಿಟ್ಟದ ಮೇಲೆಯೇ ಅನುಮಾನ ಬಂದು ಭದ್ರಾವತಿಗೆ ಹೊರಟೆ. ಗುಡ್ಡೆಯ ಯಾವ ಮೂಲೆಯಿಂದ ಮೊದಲ ಲೋಡು ತುಂಬಿದ್ದು ಎಂದು ಅಲ್ಲಿದ್ದವರನ್ನು ಕೇಳಿದರೆ ಅವರಿಗೆ ನಾನು ಕೇಳುವುದೇ ಅರ್ಥವಾಗಲಿಲ್ಲ. ಹಿಟಾಚಿ ಓಡಿಸುವ ತಮಿಳಿನವರೊಬ್ಬರು, ಸ್ಲ್ಯಾಗಿನಲ್ಲಿ ಮೂಲೆ ಎಲ್ಲಿಂದ ಬಂತಮ್ಮಾ ಎಂದು ಕನಿಕರದಿಂದ ಕೇಳಿದರು. ನನ್ನ ಬಾಲ್ಯದ ಗುಡ್ಡೆಯ ಮುಂದೆ, ಇಷ್ಟೆಲ್ಲ ಓದಿಯೂ ಅದರ ಗುಟ್ಟು ತಿಳಿಯದೆ, ಕಣ್ಣು ಕಣ್ಣು ಬಿಡುತ್ತ ನಿಂತಿದ್ದೆ. ಎರಡು ಚೀಲ ತುಂಬಿಸಿಕೊಂಡು ಬಸ್ಸು ಹತ್ತಿದೆ. ಆ ಕಿಟ್ಟದ ಕಲ್ಲುಗಳೂ ಸಪ್ಪೆಯಾದವು.

ಹೀಗಿರುವಾಗ ಒಂದು ಭಾನುವಾರ, ಆಲ್ಕೊಳದ ನಮ್ಮ ಮನೆಗೆ ಅತ್ತೆ ಬಂದಿದ್ದರು. ಊರಿನಿಂದ ತಂದ ಅಕ್ಕಿಯನ್ನು ಸೇರಿನಲ್ಲಿ ಅಳೆದು ಡ್ರಮ್ಮಿಗೆ ಸುರಿಯುತ್ತಿದ್ದರು. ನಾನು ಹುರುಳಿಕಾಯಿ ಮುರಿಯುತ್ತ ಕೂತಿದ್ದೆ. ಅತ್ತೆ ತಮ್ಮಷ್ಟಕ್ಕೆ ಎಣಿಸುತ್ತಿದ್ದರು. "ಲಾಭ. ಎರಡು. ಮೂರು."

ನನ್ನ ಕೈ ನಿಂತಿತು. ಒಂದು ಎಲ್ಲಿ ಹೋಯಿತು ಅತ್ತೆ ಎಂದು ಕೇಳಿದೆ.

"ಅಳೆಯುವಾಗ ಒಂದು ಅನ್ಬಾರ್ದು ಕಣೆ. ಮೊದಲ್ನೇದಕ್ಕೆ ಲಾಭ ಅಂತೀವಿ," ಎಂದರು ಅತ್ತೆ. "ನಿಮ್ಮ ಕ್ವಾರ್ಟರ್ಸಲ್ಲಿ ಯಾರೂ ಅಳೀತಾನೇ ಇರ್ಲಿಲ್ವಾ?"

ಇರಲಿಲ್ಲ. ನಮ್ಮಲ್ಲಿ ಅಕ್ಕಿ ಸೊಸೈಟಿಯಿಂದ ಕೇಜಿ ಲೆಕ್ಕದಲ್ಲಿ ಬರುತ್ತಿತ್ತು. ನಾನು ಎದ್ದು ಹೋಗಿ ಆ ಶನಿವಾರದ ಪುಸ್ತಕ ತೆಗೆದೆ. ಮೂರು ಗೆರೆ. ಆಗ ಯಜಮಾನರ ಲಾಭ ನೆನಪಾಯಿತು. ಅದರ ಹಿಂದೆಯೇ ಅವರು ಒಂದು ಎಂದದ್ದೂ ನೆನಪಾಯಿತು. ನಿಜವಾಗಿ ಎಂದಿದ್ದರೇ? ಅತ್ತೆಯ ಪ್ರಕಾರ ಲಾಭವೇ ಒಂದು. ಯಜಮಾನರು ಲಾಭವನ್ನೂ ಹೇಳಿ ಒಂದನ್ನೂ ಹೇಳಿದ್ದರೆ, ಅದು ಒಂದೇ ಬಾಂಡ್ಲಿಗೆ ಎರಡು ಹೆಸರೋ, ಎರಡು ಬಾಂಡ್ಲಿಯೋ? ಒಂದೇ ಆದರೆ ಸಿಮೆಂಟು ಮೂರು ಬಾಂಡ್ಲಿ, ನನ್ನ ಪುಸ್ತಕ ಸರಿ. ಎರಡಾದರೆ ನಾಲ್ಕು. ಆಗ ಆ ಕಲ್ಲುಗಳನ್ನು ಗಟ್ಟಿ ಮಾಡಿದ್ದು ಕಿಟ್ಟವಲ್ಲ, ಸಿಮೆಂಟು. ಹುರುಳಿಕಾಯಿ ಅತ್ತೆಯೇ ಮುರಿದು ಪಲ್ಯ ಮಾಡಿದರು.

ಸೋಮವಾರ ಬೆಳಿಗ್ಗೆ ಬಸ್ಸಿಳಿದು ಬಂದ ಯಜಮಾನರನ್ನು ಗೇಟಿನಲ್ಲೇ ಹಿಡಿದೆ. ಲಾಭ ಎಂದರೆ ಏನು, ಒಂದು ಎಂದರೆ ಏನು?

"ಲಾಭ ಅಂದ್ರೆ ಲಾಭ ಮೇಡಂ. ಒಂದು ಅಂದ್ರೆ ಒಂದು."

ಹಾಗಾದರೆ ಎರಡೂ ಬೇರೆಯೇ ಎಂದು ಕೇಳಿದೆ. ಬೇರೆ ಎಂದರೆ ಬೇರೆಯೇ ಎಂದರು. ನನ್ನ ಮುಖ ನೋಡಿ, ಒಂದೇ ಎಂದರೂ ಒಂದೇ ಎಂದು ಸೇರಿಸಿದರು. ಆವತ್ತು ಏನು ಮಾಡಿದಿರಿ ಎಂದರೆ, ಯಾವತ್ತೂ ಮಾಡುವ ಹಾಗೇ ಮಾಡಿದೆ ಎನ್ನುತ್ತಾರೆ. ಯಾವತ್ತೂ ಹೇಗೆ ಮಾಡುತ್ತೀರಿ ಎಂದರೆ, ಆವತ್ತು ಮಾಡಿದ ಹಾಗೇ ಎನ್ನುತ್ತಾರೆ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಮಾಡಿ ತೋರಿಸಿ ಎಂದೆ. ಲ್ಯಾಬಿನಲ್ಲಿ ಮರಳನ್ನೇ ಸಿಮೆಂಟು ಎಂದುಕೊಂಡು ಬಾಂಡ್ಲಿ ಕೊಟ್ಟೆ. ಮೊದಲ ಸಲ ಬಾಂಡ್ಲಿ ತುಂಬುವಾಗ ಲಾಭ ಎಂದರು, ಅದನ್ನೇ ಸುರಿಯುವಾಗ ಒಂದು ಎಂದರು, ಒಟ್ಟು ಮೂರಾಯಿತು. ನನಗೆ ಹೋದ ಜೀವ ಬಂತು. ಇನ್ನೊಂದು ಸಲ ಎಂದೆ. ಈಗ ನಾನು ಕಣ್ಣು ನೆಟ್ಟು ನೋಡುತ್ತಿದ್ದೇನೆಂದು ಸಂಕೋಚವಾಗಿ, ಲಾಭವನ್ನೇ ಬಿಟ್ಟು ಶಾಲೆಯ ಹುಡುಗರ ಹಾಗೆ ಒಂದರಿಂದ ಎಣಿಸಿದರು. ಮೂರನೆಯ ಸಲ ಬಾಂಡ್ಲಿ ಕೆಳಗಿಟ್ಟು, ಎಷ್ಟು ಬರಬೇಕು ಹೇಳಿ ಮೇಡಂ, ಅಷ್ಟೇ ಹಾಕುತ್ತೇನೆ ಎಂದರು. ಇನ್ನು ಇವರನ್ನು ಕೇಳಿ ಪ್ರಯೋಜನವಿಲ್ಲ ಎನಿಸಿತು. ನಾನು ಕೇಳಿದಷ್ಟೂ ಅವರ ನೆನಪು ನನ್ನ ಮುಖ ನೋಡಿಕೊಂಡು ಬದಲಾಗುತ್ತಿತ್ತು.

ಮಾರ್ಗದರ್ಶಕರಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಅವರು ಲಾಭದ ಕಥೆಯನ್ನು ಪೂರ್ತಿ ಕೇಳಲೂ ಇಲ್ಲ. ಪುಸ್ತಕದಲ್ಲಿ ಏನಿದೆ ಎಂದು ಕೇಳಿದರು. ಮೂರು ಎಂದಿದೆ ಎಂದೆ. "ಮತ್ತೆ ಮೂರೇ. ಇನ್ನೆರಡನ್ನು ರಿಪೇರಿಯಾದ ಯಂತ್ರದ್ದು ಅಂತ ಬಿಟ್ಟುಬಿಡಿ. ನೀವು ಯಾಕಮ್ಮಾ ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಳ್ತೀರಿ?" ಎಂದರು. ಅವಧಿ ಮುಗಿಯಲು ಇನ್ನು ಎರಡೇ ತಿಂಗಳಿತ್ತು. ಆ ಒಂದು ಕೋಷ್ಟಕ ತೆಗೆದರೆ ನನ್ನ ಪ್ರಬಂಧದಲ್ಲಿ ಮುನ್ನುಡಿ ಮಾತ್ರ ಉಳಿಯುತ್ತಿತ್ತು. ಹೊಸದಾಗಿ ಶುರುಮಾಡಲು ಸಮಯವಿಲ್ಲ. ಅವರು ಹೇಳಿದ್ದು ಸರಿ ಎಂದು ರಸ್ತೆ ದಾಟುವ ತನಕ ಅನಿಸಿತು. ದಾಟಿದ ಮೇಲೆ ಅನಿಸಲಿಲ್ಲ.

ನಮ್ಮ ಮನೆಯವರು ನವುಲೆಯ ಕೃಷಿ ಕಾಲೇಜಿನಲ್ಲಿ ಮಣ್ಣಿನ ಪಾಠ ಮಾಡುವವರು. ಕಲ್ಲಿನ ಚೂರನ್ನು ಆಸಿಡ್ಡಿನಲ್ಲಿ ಹಾಕು, ಸಿಮೆಂಟು ಕರಗುತ್ತದೆ, ಉಳಿದದ್ದನ್ನು ತೂಗಿ ಲೆಕ್ಕ ಹಾಕು ಎಂದರು. ಆದರೆ ಕಿಟ್ಟದಲ್ಲೂ ಸುಣ್ಣದ ಅಂಶವಿದೆ, ಅದೂ ಕರಗುತ್ತದೆ. ಕರಗಿದ್ದರಲ್ಲಿ ಯಾವುದು ಎಷ್ಟು ಎಂದು ಹೇಳುವ ಸೌಕರ್ಯ ನಮ್ಮ ಊರಿನಲ್ಲಿ ಇರಲಿಲ್ಲ. ಹಾಗೆಂದಾಗ ಅವರು ಪೇಪರು ಮಡಚಿಟ್ಟು, "ಅಲ್ಲ ಮಾರಾಯ್ತಿ, ಒಂದು ಬಾಂಡ್ಲಿ ಜಾಸ್ತಿ ಬಿದ್ದಿದ್ರೆ ಕಲ್ಲೂ ಜಾಸ್ತಿ ಆಗ್ಬೇಕಲ್ವಾ? ಎಣಿಸಿದ್ರೆ ಆಯ್ತಪ್ಪ," ಎಂದರು. ಇಷ್ಟು ತಲೆ ಕೆಡಿಸಿಕೊಂಡರೂ ನನಗೆ ಹೊಳೆಯದೇ ಇದ್ದದ್ದು ಅವರಿಗೆ ಪೇಪರು ಓದುತ್ತ ಹೊಳೆದದ್ದಕ್ಕೆ ನನಗೆ ಸಿಟ್ಟು ಬಂತು.

ಕೂತು ಲೆಕ್ಕ ಹಾಕಿದೆ. ಮೂರು ಬಾಂಡ್ಲಿಯಾದರೆ ಆ ಮಾಲಿನಲ್ಲಿ ಇಪ್ಪತ್ತೆರಡು ಕಲ್ಲು ಬರಬೇಕು, ನಾಲ್ಕಾದರೆ ಇಪ್ಪತ್ತಮೂರು. ಎಂಟನ್ನು ಒಡೆದಾಗಿತ್ತು. ಉಳಿದವು ಯಜಮಾನರ ಅಂಗಳದಲ್ಲಿ. ಅಲ್ಲಿ ಹದಿನಾಲ್ಕು ಇದ್ದರೆ ನಾನು ಡಾಕ್ಟರ್, ಹದಿನೈದು ಇದ್ದರೆ ಅಲ್ಲ. ಅಚ್ಚು ತುಂಬಿದ ದಿನ ಕಲ್ಲುಗಳ ಸಂಖ್ಯೆ ಬರೆದಿಟ್ಟುಕೊಳ್ಳದ ನನ್ನ ಬೇಜವಾಬ್ದಾರಿಗೆ ನಾನೇ ಬೈದುಕೊಂಡೆ.

ಮುಂದಿನ ಭಾನುವಾರ ಬೆಳಿಗ್ಗೆ ಓಲ್ಡ್‌ಟೌನಿಗೆ ಹೋದೆ. ಯಜಮಾನರಿಗೆ ಮೊದಲೇ ಹೇಳಿದ್ದೆ. ಯಾಕೆ ಎಣಿಸಬೇಕೆಂದೂ ಹೇಳಿದ್ದೆ, ಹದಿನಾಲ್ಕಿದ್ದರೆ ಬದುಕಿದೆ ಎಂದೂ ಹೇಳಿದ್ದೆ. ಅದನ್ನು ಹೇಳಬಾರದಿತ್ತು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರ ಹೆಂಡತಿ ಕಲ್ಲುಗಳನ್ನೆಲ್ಲ ತೊಳೆದು, ಮೊದಲ ಕಲ್ಲಿನ ಮೇಲೆ ಪುಟ್ಟದೊಂದು ರಂಗೋಲಿ ಹಾಕಿದ್ದರು. ಹೊಸ್ತಿಲಿನಿಂದ ಒಗೆಯುವ ಕಲ್ಲಿನ ತನಕ ಒಂದೇ ಸಾಲು. ಒಂದೂ ಬಿರಿದಿರಲಿಲ್ಲ, ಒಂದೂ ಅಲುಗಾಡುತ್ತಿರಲಿಲ್ಲ. ದಾರಿಯಲ್ಲಿ ಒಡೆದುಹೋದದ್ದು ಇದೆಯೇ, ಬೇರೆ ಯಾರಿಗಾದರೂ ಕೊಟ್ಟಿರೇ ಎಂದು ಕೇಳಿದೆ. ಇಲ್ಲ, ತಂದಷ್ಟೂ ಇಲ್ಲೇ ಇದೆ ಎಂದರು.

ನಾನು ಬೆರಳು ಚಾಚಿ ಎಣಿಸಿದೆ. ಹದಿನೈದು. ಆ ಕಡೆಯಿಂದ ಈ ಕಡೆಗೆ ಎಣಿಸಿದೆ. ಹದಿನೈದು. ಮೇಡಂ ಬಂದು ತಮ್ಮ ಮನೆಯ ನೆಲವನ್ನು ಹೀಗೆ ಯಾಕೆ ಎಣಿಸುತ್ತಿದ್ದಾರೆ ಎಂದು ಆ ಹೆಂಗಸಿಗೆ ಗಾಬರಿಯಾಗಿತ್ತು.

ಯಜಮಾನರು ನನ್ನ ಮುಖ ನೋಡಿದರು. ತಾಳಿ, ನಾನೊಂದು ಸಲ ನೋಡುತ್ತೇನೆ ಎಂದು ಚಪ್ಪಲಿ ಬಿಟ್ಟರು. ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ, ರಂಗೋಲಿ ತುಳಿಯದಂತೆ ಅಂಚಿನಲ್ಲಿ ಬಲಗಾಲಿಟ್ಟು ಅದೇ ರಾಗದಲ್ಲಿ "ಲಾಭ" ಎಂದರು. ಮುಂದಿನ ಕಲ್ಲಿಗೆ ಕಾಲಿಟ್ಟು ಒಂದು ಎಂದರು. ಅದರ ಮುಂದಿನದಕ್ಕೆ ಎರಡು. ಹಾಗೇ ಹೆಜ್ಜೆ ಹಾಕುತ್ತ ಒಗೆಯುವ ಕಲ್ಲಿನ ಹತ್ತಿರ ತಲುಪಿ ತಿರುಗಿ ನಿಂತರು.

"ಹದಿನಾಲ್ಕೇ ಇದೆ ಮೇಡಂ. ನೀವು ಗಾಬರೀಲಿ ಒಂದು ಜಾಸ್ತಿ ಎಣಿಸಿದ್ರಿ."

ಒಂದು ಕ್ಷಣ ನಾನು ಅದನ್ನು ನಂಬಿದೆ. ಸುಳ್ಳು ಯಾಕೆ ಹೇಳಲಿ, ನಂಬಬೇಕೆಂದು ಬಯಸಿದೆ. ಹದಿನಾಲ್ಕು ಎಂದು ಬಾಯಿಬಿಟ್ಟು ಹೇಳುವ ಸಾಕ್ಷಿ ಎದುರಿಗಿದ್ದಾರೆ, ಪುಸ್ತಕದಲ್ಲಿ ಮೂರು ಎಂದಿದೆ, ಮಾರ್ಗದರ್ಶಕರು ಬರೆದುಬಿಡಿ ಎಂದಿದ್ದಾರೆ. ಬಸ್ಸು ಹತ್ತಿ ಹೋಗಿಬಿಟ್ಟರೆ ಆಯಿತು. ಇವರು ನನ್ನನ್ನು ಉಳಿಸಲೆಂದೇ ಹೀಗೆ ಎಣಿಸಿದರೇ ಎಂಬ ಅನುಮಾನವೂ ಬಂತು. ಆದರೆ ಅವರ ಮುಖದಲ್ಲಿ ಕಪಟವೇನೂ ಕಾಣಲಿಲ್ಲ.

ಲಾಭದ ಕಲ್ಲು ಯಾವುದು ಯಜಮಾನ್ರೆ ಎಂದು ಕೇಳಿದೆ. ಅವರು ಹೊಸ್ತಿಲ ಪಕ್ಕದ್ದನ್ನು ತೋರಿಸಿದರು. ಒಂದು ಯಾವುದು ಎಂದೆ. ಅದರ ಮುಂದಿನದು ಎಂದರು. ಲಾಭವನ್ನು ಯಾಕೆ ಎಣಿಸಲಿಲ್ಲ?

"ಲಾಭ ಲೆಕ್ಕಕ್ಕೆ ಬರಲ್ಲ ಮೇಡಂ. ಅದು ಮೇಲೆ ಕೊಡೋದು. ನಮ್ಮ ಕಡೆ ಹಂಗೇ."

ನನಗೆ ಕೇಳದೆ ಇರಲು ಆಗಲಿಲ್ಲ. "ಆವತ್ತು ಬಾಂಡ್ಲೀಲೂ ಹಂಗೇನಾ?"

ಅವರು ಹೊಸ್ತಿಲ ಪಕ್ಕದ ಕಲ್ಲಿನತ್ತ ನೋಡಿದರು. ನಿಧಾನವಾಗಿ ಎಲ್ಲವೂ ಅವರಿಗೂ ತಿಳಿಯುತ್ತ ಬಂತೆಂದು ಕಾಣುತ್ತದೆ. ಆಮೇಲೆ ಹೇಳಿದರು. "ನಿಮ್ಮ ಕೆಲ್ಸ ಅಲ್ವಾ ಮೇಡಂ. ಬರೀ ಮೂರು ಹಾಕಕ್ಕೆ ಮನಸ್ಸು ಹೆಂಗೆ ಬರ್ತದೆ? ಆಮೇಲೆ ಆ ತೂಕದ ಯಂತ್ರ ರಿಪೇರಿಯಾಗಿ ಬಂತು. ಅದ್ರಲ್ಲಿ ಲಾಭ ಹಾಕಕ್ಕೆ ಆಗಲ್ಲ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲು ಬಂತೆಂದು ಈಗಲೂ ಗೊತ್ತಿಲ್ಲ.

ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಕುಡಿದೆ. ಯಜಮಾನರು ಎದುರಿಗೆ ಕೂರದೆ ಬಾಗಿಲ ಹತ್ತಿರವೇ ನಿಂತು ಕಲ್ಲುಗಳನ್ನು ನೋಡುತ್ತಿದ್ದರು. ಹಾಗೇ ನೋಡುತ್ತ, "ಹಂಗಾರೆ ಈ ಕಲ್ಲು ಸುಳ್ಳಾ ಮೇಡಂ?" ಎಂದು ಕೇಳಿದರು. ಕಲ್ಲು ಸುಳ್ಳಲ್ಲ, ನಾನು ಬರೆದದ್ದು ಸುಳ್ಳು ಎಂದೆ. ಆ ಮಾತು ಅವರಿಗೆ ಸಮಾಧಾನ ಕೊಟ್ಟಿತೋ ಇಲ್ಲವೋ. ನನಗಂತೂ ಕೊಡಲಿಲ್ಲ.

ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು ಕೋಷ್ಟಕ ವಾಪಸು ತೆಗೆದುಕೊಂಡೆ. ಕಾರಣ ಕೊಡಬೇಕಿತ್ತು. ಅಳತೆಯಲ್ಲಿ ದೋಷ ಎಂದು ಮೊದಲು ಬರೆದು, ಹೊಡೆದುಹಾಕಿ, ದಾಖಲಿಸುವಲ್ಲಿ ಸಂಶೋಧಕಿಯ ತಪ್ಪು ಎಂದು ಬರೆದೆ. ಅಳೆದವರು ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಿಯೇ ಅಳೆದಿದ್ದರು, ಕೇಳಿಸಿಕೊಂಡೂ ಬಿಟ್ಟವಳು ನಾನು. ಮಾರ್ಗದರ್ಶಕರು ಮತ್ತೆ ನನ್ನ ಫೋನಿಗೆ ಸಿಗಲಿಲ್ಲ. ಅವಧಿ ಮುಗಿಯಿತು. ನಿವೃತ್ತಿಯ ದಿನದ ತನಕ ನನ್ನ ಕೋಣೆಯ ಬಾಗಿಲ ಮೇಲಿನ ಹೆಸರಿನ ಮುಂದೆ 'ಡಾ.' ಸೇರಲಿಲ್ಲ, ನನಗಿಂತ ಚಿಕ್ಕವರು ವಿಭಾಗದ ಮುಖ್ಯಸ್ಥರಾದರು. ಬೇಸರವಾಗಲಿಲ್ಲ ಎಂದು ದೊಡ್ಡತನ ತೋರಿಸಲಾರೆ. ತುಂಬ ಆಯಿತು.

ಆದರೂ ಕಿಟ್ಟವನ್ನು ಬಿಡಲಿಲ್ಲ. ಯಾರಿಗೂ ಒಪ್ಪಿಸಬೇಕಾದ ಅಗತ್ಯವಿಲ್ಲದೆ ಶನಿವಾರಗಳಂದು ಕಲಸುತ್ತಿದ್ದೆವು. ಜಲ್ಲಿಯನ್ನು ಪೂರ್ತಿ ಬಿಡದೆ, ಕಿಟ್ಟವನ್ನು ಅರ್ಧಕ್ಕಿಂತ ಕಡಿಮೆ ಹಾಕಿದರೆ ಕಾಲುದಾರಿಗೆ ಸಾಕಾಗುವಷ್ಟು ಗಟ್ಟಿಯಾಗುತ್ತದೆ ಎಂದು ನಿಧಾನಕ್ಕೆ ಗೊತ್ತಾಯಿತು. ಅದು ದೊಡ್ಡ ಸುದ್ದಿಯೇನಲ್ಲ, ಆದರೆ ನಿಜ. ಒಂದು ಶನಿವಾರ ಮತ್ತೆ ತೂಕದ ಯಂತ್ರ ಕೈಕೊಟ್ಟಿತು, ಬಾಂಡ್ಲಿ ತೆಗೆಯಬೇಕಾಯಿತು. ಯಜಮಾನರು ತುಂಬಿದರು, ಸವರಿದರು, ಸುರಿದರು. ಲ್ಯಾಬಿನಲ್ಲಿ ಸದ್ದೇ ಇಲ್ಲ. ತಿರುಗಿ ನೋಡಿದರೆ ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಅವರು ಗಟ್ಟಿಯಾಗಿ ಎಣಿಸುವುದನ್ನು ಬಿಟ್ಟು ಎಷ್ಟೋ ದಿನವಾಗಿದೆ ಎಂದು ಆಗ ನನ್ನ ಗಮನಕ್ಕೆ ಬಂತು. ಪದವಿ ಹೋದದ್ದಕ್ಕಿಂತ ಹೆಚ್ಚಾಗಿ ಅದು ನನ್ನನ್ನು ಚುಚ್ಚಿತು.

"ಬಾಯಿಬಿಟ್ಟು ಹೇಳಿ ಯಜಮಾನ್ರೆ. ಲಾಭ ಹಾಕಿ, ನಾನು ಅದನ್ನೂ ಬರ್ಕೊಳ್ತೀನಿ," ಎಂದೆ.

ಅವರು ತಲೆ ಎತ್ತಲಿಲ್ಲ. ಸುರಿದ ಸಿಮೆಂಟನ್ನು ಸಲಿಕೆಯಿಂದ ವಾಪಸು ಚೀಲಕ್ಕೆ ತುಂಬಿ, ಬಾಂಡ್ಲಿ ಒರೆಸಿ ಮುಂದಿಟ್ಟುಕೊಂಡರು.

"ಬೇಡ ಮೇಡಂ. ಒಂದರಿಂದ್ಲೇ ಶುರು ಮಾಡಣ."